ಸಂಪಾದಕರ ಉತ್ತರ: ದೇವರು ಪಶ್ಚಾತ್ತಾಪಪಟ್ಟನೇ?

ಕ್ರಿಸ್ತನಲ್ಲಿ ಪ್ರಿಯ ಸಹೋದರರೇ,

ಗದಗಿನಿಂದ ನೀವು ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಪತ್ರ ಪೂರ್ತಿ ಅಚ್ಚು ಮಾಡಲು ಜಾಗವಿಲ್ಲದ್ದರಿಂದ ಉಳಿದ ಓದುಗರಿಗೆ ಅದರ ಸಾರ ಹೇಳಿಬಿಡುತ್ತೇನೆ. ದೇವರು ಬದಲಾಗುವವನಲ್ಲ ಎಂದು ಸಭೆಯಲ್ಲಿ ಕಲಿಸುತ್ತಾರೆ. ಹಾಗಿದ್ದರೆ ಮನುಷ್ಯರನ್ನು ಉಂಟುಮಾಡಿದ್ದಕ್ಕೆ ದೇವರು ಪಶ್ಚಾತ್ತಾಪಪಟ್ಟನೆಂದು ಆದಿಕಾಂಡ 6:6 ಏಕೆ ಹೇಳುತ್ತದೆ, ಪ್ರವಾದಿ ಯೋನನ ಮೂಲಕ ನಿನೆವೆ ಪಟ್ಟಣವನ್ನು ಕೆಡವುತ್ತೇನೆಂದು ಸಾರಿಸಿ ಆಮೇಲೆ ಏಕೆ ಬಿಟ್ಟ, ಎಂಬುದು ನಿಮ್ಮ ಮೊದಲ ಪ್ರಶ್ನೆ. ಬದಲಾಗದ ದೇವರೆಂಬುದು ಗ್ರೀಕ್ ತತ್ತ್ವಜ್ಞಾನಿಗಳಿಂದ ಸಭೆಯೊಳಗೆ ಬಂದ ಸರಕು ಎಂಬುದು ಎರಡನೆಯದು. ಬಸವಣ್ಣನವರು ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ ಎಂದರು, ನಿಮ್ಮ ದೇವರು ಸ್ಥಾವರ, ಅಂಥವನ ಮುಂದೆ ಮೊಣಕಾಲೂರಿ ಏನು ಫಲ ಎಂದು ಕೇಳಿದ್ದೀರಿ. ಕಡೆಯಲ್ಲಿ, ಸಾಯುತ್ತೀ ಎಂದು ಹೇಳಿಸಿಕೊಂಡ ಅರಸ ಹಿಜ್ಕೀಯನಿಗೆ 15 ವರ್ಷ ಸಿಕ್ಕಿದ್ದು ಹೇಗೆ ಎಂದು ಒಂದು ಸಾಲು.

ಅಧ್ಯಾಯ, ವಚನಗಳ ಸಮೇತ ಜಗಳಕ್ಕೆ ಬರುವ ಓದುಗರು ಪತ್ರಿಕೆಗೆ ದೊಡ್ಡ ಆಸ್ತಿ. ಅದಕ್ಕೇ ಈ ಉತ್ತರ ಉದ್ದವಾಗುತ್ತಿದೆ.

ನಿಮ್ಮ ಕಡೆಯ ನ್ಯಾಯವನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ನೋವಿನಲ್ಲಿರುವವರಿಗೆ ತಮ್ಮೊಂದಿಗೆ ಅಳುವ ದೇವರು ಬೇಕು. ಎರಡನೇ ಮಹಾಯುದ್ಧದ ಕೊನೆಗೆ ಬ್ರಿಟನ್ನಿನಲ್ಲಿ ಸೆರೆಯಲ್ಲಿದ್ದ ಜರ್ಮನಿಯ ಯರ್ಗನ್ ಮೋಲ್ಟ್‌ಮನ್ ಮುಂದೆ ದೊಡ್ಡ ದೇವಜ್ಞಾನಿಯಾಗಿ, ನೋವು ಉಣ್ಣಲಾರದ ದೇವರು ಪ್ರೀತಿಸಲೂ ಆರನು ಎಂದು 1972ರಲ್ಲಿ ವಾದಿಸಿದರು. ಆ ಮಾತಿನ ಹಿಂದಿರುವ ಸಂಕಟ ನಿಜ. ಆದರೆ ಸಂಕಟಕ್ಕೆ ಅವರು ಕೊಟ್ಟ ಮದ್ದು ಸರಿಯೆಂದು ನನಗೆ ಅನಿಸುವುದಿಲ್ಲ. ಬಾವಿಗೆ ಬಿದ್ದವನಿಗೆ ಜೊತೆಗೆ ಬೀಳುವವನಿಗಿಂತ ಗಟ್ಟಿ ನೆಲದ ಮೇಲೆ ನಿಂತು ಹಗ್ಗ ಹಿಡಿದವನು ಬೇಕು.

ಈಗ ಪಶ್ಚಾತ್ತಾಪ ಎಂಬ ಮಾತಿಗೆ ಬರೋಣ. ಅರ್ಧ ತೊಡಕು ಇರುವುದು ಅಲ್ಲೇ. ಕನ್ನಡದಲ್ಲಿ ಆ ಪದ ಕಿವಿಗೆ ಬಿದ್ದ ಕೂಡಲೇ ತಪ್ಪು ಮಾಡಿದವನು ಆಮೇಲೆ ಬೇಯುವ ಚಿತ್ರ ಕಣ್ಣಿಗೆ ಬರುತ್ತದೆ. ಹೀಬ್ರೂ ಮೂಲದಲ್ಲಿ ಅಲ್ಲಿರುವುದು ‘ನಾಹಮ್’ ಎಂಬ ಧಾತು. ನನ್ನ ಜನರನ್ನು ಸಂತೈಸಿರಿ ಎಂದು ಯೆಶಾಯ 40:1ರಲ್ಲಿ ಬರುವುದೂ ಇದೇ ಧಾತು. ಪ್ರವಾದಿ ನಹೂಮನ ಹೆಸರು, ನೆಹೆಮೀಯನ ಹೆಸರು ಹುಟ್ಟಿದ್ದೂ ಇದರಿಂದಲೇ. ಮನ ಮರುಗುವುದು, ಸಮಾಧಾನ ತರುವುದು, ಕೈಗೊಂಡ ದಂಡನೆಯನ್ನು ಕೈಬಿಡುವುದು, ಇಷ್ಟೂ ಅರ್ಥ ಅದರಲ್ಲಿ ಅಡಗಿದೆ. ಪಾಪಿಯನ್ನು ತಿರುಗಿಕೋ ಎಂದು ಕರೆಯುವಾಗ ಪ್ರವಾದಿಗಳು ಬಹುಮಟ್ಟಿಗೆ ಬೇರೆಯದೇ ಕ್ರಿಯಾಪದ ಬಳಸುತ್ತಾರೆ: ‘ಶೂವ್’, ಅಂದರೆ ಹಿಂದಿರುಗು. ಆದಿಕಾಂಡ 6ರಲ್ಲಿ ದೇವರು ಲೆಕ್ಕ ತಪ್ಪಿದವನಂತೆ ಕೈಹಿಸುಕಿಕೊಳ್ಳುತ್ತಿಲ್ಲ. ಪಾಪ ಕಂಡು ನೊಂದಿದ್ದಾನೆ. ಪಾಪವನ್ನು ಹಗೆಮಾಡುವ ಆತನ ಗುಣ ಮೊದಲಿನಿಂದ ಹಾಗೇ ಇದೆ.

ಇದು ಜಾಣತನದ ಸಮಜಾಯಿಷಿ ಎನಿಸಿದರೆ ಪೆನ್ಸಿಲ್ ಹಿಡಿದು 1 ಸಮುವೇಲ 15ನೇ ಅಧ್ಯಾಯ ತೆಗೆಯಿರಿ. 11, 29, 35 ಈ ಮೂರು ವಚನಗಳಿಗೆ ಗೆರೆ ಎಳೆಯಿರಿ. 11ರಲ್ಲಿ ಸೌಲನನ್ನು ಅರಸನಾಗಿ ಮಾಡಿದ್ದಕ್ಕೆ ದೇವರು ‘ನಾಹಮ್’ ಆಗುತ್ತಾನೆ, 35ರಲ್ಲೂ ಹಾಗೇ. ನಡುವೆ 29ರಲ್ಲಿ, ಆತನು ‘ನಾಹಮ್’ ಆಗುವವನಲ್ಲ, ಹಾಗಾಗಲು ಆತನೇನು ಮನುಷ್ಯನೇ, ಎಂದು ಸಮುವೇಲ ಹೇಳುತ್ತಾನೆ. ಮೂರೂ ಕಡೆ ಧಾತು ಒಂದೇ. ಇಪ್ಪತ್ತೈದು ವಚನಗಳ ಅಂತರದಲ್ಲಿ ಬರೆದವನು ತಾನೇ ಬರೆದದ್ದನ್ನು ಮರೆತನೆಂದು ಹೇಳಲಾಗದು; ಬೇಕೆಂದೇ ಎರಡನ್ನೂ ಎದುರುಬದುರು ಇಟ್ಟಿದ್ದಾನೆ. 27ನೇ ವಚನ ಓದಿದರೆ ಗುಟ್ಟು ತಿಳಿಯುತ್ತದೆ. ಹೊರಟ ಸಮುವೇಲನ ನಿಲುವಂಗಿಯ ಅಂಚನ್ನು ಸೌಲ ಹಿಡಿಯುತ್ತಾನೆ, ಅದು ಹರಿಯುತ್ತದೆ. ಅಂಗಿ ಹಿಡಿದು ಎಳೆದರೆ ತೀರ್ಪು ಸಡಿಲಾಗದು ಎಂಬುದು 29ರ ಮಾತು. ಸೌಲ ಕೆಟ್ಟದ್ದರಿಂದ ಅವನೊಡನೆ ದೇವರ ವ್ಯವಹಾರ ಬೇರೆಯಾಯಿತು, ಅದು ದೇವರಿಗೆ ನೋವಿನ ಸಂಗತಿ ಎಂಬುದು 11 ಮತ್ತು 35ರ ಮಾತು. ಪತ್ರದಲ್ಲಿ ನೀವು 11ನ್ನು ಮಾತ್ರ ಎತ್ತಿಕೊಂಡಿದ್ದೀರಿ. ಓದಿದ ಅಧ್ಯಾಯವನ್ನು ಕೊನೆಯವರೆಗೆ ಓದದೆ ಪ್ರಶ್ನೆ ಕೇಳಿದ್ದು ನಿಮ್ಮಂಥ ಓದುಗರಿಗೆ ಒಪ್ಪುವಂಥದ್ದಲ್ಲ.

ಅಲ್ಲಿಂದ ಯೆರೆಮೀಯ 18ಕ್ಕೆ ಹೋಗಿ. ಕುಂಬಾರನ ಮನೆಯ ಸಾಮ್ಯದ ಮಣ್ಣು, ತಿಗರಿಯಷ್ಟೇ ಎಲ್ಲರ ನೆನಪಿನಲ್ಲಿ ಉಳಿದಿದೆ. 7ರಿಂದ 10ರವರೆಗಿನ ವಚನಗಳನ್ನು ಯಾರೂ ಓದುವುದಿಲ್ಲ. ಕಿತ್ತುಹಾಕುತ್ತೇನೆಂದು ಹೇಳಿದ ಜನಾಂಗ ಕೆಟ್ಟತನ ಬಿಟ್ಟು ತಿರುಗಿಕೊಂಡರೆ ಆ ಕೇಡನ್ನು ತರುವುದಿಲ್ಲ. ಕಟ್ಟುತ್ತೇನೆಂದು ಹೇಳಿದ ಜನಾಂಗ ಕೆಟ್ಟದ್ದಕ್ಕೆ ಇಳಿದರೆ ಆ ಮೇಲನ್ನೂ ಮಾಡುವುದಿಲ್ಲ. ಎರಡೂ ಬದಿಗೆ ಸಮನಾಗಿ ಹರಿತವಾದ ನಿಯಮ, ಮೊದಲೇ ಬಾಯಿಬಿಟ್ಟು ಹೇಳಿದ್ದು. ನಿನೆವೆ ಉಳಿದದ್ದು ಈ ನಿಯಮದಂತೆಯೇ. ಯೋನ ಸಾರಿದ್ದು ಹೀಬ್ರೂವಿನಲ್ಲಿ ಬರೀ ಐದು ಪದ. 40 ದಿನದ ಗಡುವು ಏಕೆ ಕೊಡಬೇಕಿತ್ತು? ಕೆಡವುವುದೊಂದೇ ಉದ್ದೇಶವಾಗಿದ್ದರೆ ಸೊದೋಮಿನಂತೆ ಒಂದು ಬೆಳಗು ಸಾಕಿತ್ತು.

3ನೇ ಶತಮಾನದ ಕ್ರೈಸ್ತ ಪಂಡಿತ ಓರಿಗೆನ್ ಒಂದು ಹೋಲಿಕೆ ಕೊಡುತ್ತಾನೆ: ಅದೇ ಬಿಸಿಲು ಮೇಣವನ್ನು ಕರಗಿಸುತ್ತದೆ, ಕೆಸರನ್ನು ಗಟ್ಟಿ ಮಾಡುತ್ತದೆ. ಸಾವಿರ ವರ್ಷದ ನಂತರ ದೇವಜ್ಞಾನಿ ತೋಮಸ್ ಅಕ್ವಿನಾಸ್ ಇನ್ನೂ ಸರಳವಾಗಿ ಹೇಳಿದ. ಕಂಬದ ಬಳಿ ನಿಂತ ಪ್ರಾಣಿ ಆಚೆಗೆ ಸರಿದರೆ, ಬಲಕ್ಕಿದ್ದ ಕಂಬ ಎಡಕ್ಕೆ ಬರುತ್ತದೆ, ಕಂಬ ಕದಲಿಲ್ಲ. ಕೋಪದ ದೇವರು ಕರುಣೆಯ ದೇವರಾದ ಎನ್ನುವಾಗ ಸರಿದವರು ಯಾರೆಂದು ಮೊದಲು ಕೇಳಬೇಕು.

ಈ ವಿಷಯವನ್ನು ಎಲ್ಲರಿಗಿಂತ ಚೆನ್ನಾಗಿ ತಿಳಿದವನು ಯೋನ. 4:2ರಲ್ಲಿ ಅವನು ಸಿಟ್ಟಿನಿಂದ ಹೇಳುವುದೇನು? ನೀನು ದಯೆಯುಳ್ಳವನು, ದೀರ್ಘಶಾಂತನು ಎಂದು ನನಗೆ ಗೊತ್ತಿತ್ತು, ಅದಕ್ಕೇ ತಾರ್ಷೀಷಿಗೆ ಓಡಿಹೋದೆ. ಅದು ವಿಮೋಚನಕಾಂಡ 34:6ರ ಮಾತು. ಮೋಶೆಗೆ ಸೀನಾಯಿಯಲ್ಲಿ ಪ್ರಕಟವಾದದ್ದು. ದೇವರು ಬದಲಾದನೆಂದು ಯೋನ ದೂರುತ್ತಿಲ್ಲ. ಸೀನಾಯಿಯಲ್ಲಿ ಹೇಗಿದ್ದನೋ ನಿನೆವೆಯಲ್ಲೂ ಹಾಗೇ ಇದ್ದಾನೆ ಎಂಬುದೇ ಅವನ ದೂರು.

ಗ್ರೀಕ್ ಸರಕಿನ ಮಾತು. 19ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ದೇವಜ್ಞಾನಿ ಆಡೋಲ್ಫ್ ಹಾರ್ನಾಕ್ ಇದನ್ನು ಜೋರಾಗಿ ಹೇಳಿದ ಮೇಲೆ ನೂರು ಜನ ಅದನ್ನು ನಕಲು ಮಾಡಿದ್ದಾರೆ. ಅರಿಸ್ಟಾಟಲ್ ಹುಟ್ಟಿದ್ದು ಕ್ರಿ.ಪೂ. 384ರಲ್ಲಿ. ‘ನಾನು ಮಾರ್ಪಟ್ಟಿಲ್ಲ’ ಎಂಬ ದೇವರ ಮಾತಿರುವ ಮಲಾಕಿಯನ ಪುಸ್ತಕವನ್ನು ವಿದ್ವಾಂಸರು ಸಾಮಾನ್ಯವಾಗಿ ಕ್ರಿ.ಪೂ. 5ನೇ ಶತಮಾನಕ್ಕೆ ಸೇರಿಸುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ಆ 3:6ನೇ ವಚನದ ಉತ್ತರಾರ್ಧ: ಆದ್ದರಿಂದಲೇ, ಯಾಕೋಬನ ಸಂತತಿಯವರೇ, ನೀವು ನಾಶವಾಗಲಿಲ್ಲ. ಅರಿಸ್ಟಾಟಲನ ದೇವರಾದ ಅಚಲ ಚಾಲಕ ತನ್ನನ್ನೇ ತಾನು ಚಿಂತಿಸುತ್ತ ಕೂತಿರುತ್ತಾನೆ. ಯಾಕೋಬನ ಮಕ್ಕಳ ಗೊಡವೆ ಅವನಿಗಿಲ್ಲ. ಮಲಾಕಿಯನ ದೇವರು ಬದಲಾಗದೆ ಇರುವುದರಿಂದಲೇ ಒಂದು ಹಟಮಾರಿ ಜನಾಂಗ ಉಸಿರಾಡುತ್ತಿದೆ.

ಬಿಷಪರ ನಿಖಾಯದ ಸಭೆ ಸೇರಿದ್ದು 325ರಲ್ಲಿ. 2025ಕ್ಕೆ 1700 ವರ್ಷ ತುಂಬಿತು. ಅಲ್ಲಿ ಒಪ್ಪಿದ ವಿಶ್ವಾಸಪ್ರಮಾಣದ ಕೊನೆಗೆ ಒಂದು ಖಂಡನೆಯ ಭಾಗವಿತ್ತು. ಈಗ ಆರಾಧನೆಯಲ್ಲಿ ನಾವು ಹೇಳುವ ರೂಪದಲ್ಲಿ ಅದು ಇಲ್ಲವಾದ್ದರಿಂದ ಬಹಳ ಜನರಿಗೆ ತಿಳಿದಿಲ್ಲ. ದೇವಕುಮಾರನು ಮಾರ್ಪಡಬಲ್ಲವನು, ಬೇರೆಯಾಗಬಲ್ಲವನು ಎನ್ನುವವರನ್ನು ಸಭೆ ತಳ್ಳಿಹಾಕುತ್ತದೆ ಎಂಬುದು ಅದರ ಒಂದು ಅಂಶ. ಕ್ರಿಸ್ತನು ತಿರುಗಿಬೀಳಬಲ್ಲವನಾದರೆ ಆತನು ಕೊಟ್ಟ ಕ್ಷಮೆಯೂ ತಿರುಗಿಬೀಳಬಹುದು. ಅಲ್ಲಿ ನಡೆದದ್ದು ನಮ್ಮ ರಕ್ಷಣೆಯ ಲೆಕ್ಕಾಚಾರ. ಹಾಗಾದರೆ ವಾಕ್ಯವು, ಅಂದರೆ ದೇವಕುಮಾರನು, ನರಾವತಾರ ಎತ್ತಿದ್ದು ಬದಲಾವಣೆಯಲ್ಲವೇ ಎಂದು ನೀವು ಕೇಳಬಹುದು. 451ರಲ್ಲಿ ಖಲ್ಕೆದೋನಿನಲ್ಲಿ ಸೇರಿದವರು ನಾಲ್ಕು ಪದಗಳಿಂದ ಬೇಲಿ ಹಾಕಿದರು: ಬೆರಕೆಯಿಲ್ಲದೆ, ಮಾರ್ಪಾಟಿಲ್ಲದೆ, ವಿಭಜನೆಯಿಲ್ಲದೆ, ಅಗಲಿಕೆಯಿಲ್ಲದೆ. ದೈವತ್ವ ಕರಗಿ ಮಾಂಸವಾಗಲಿಲ್ಲ, ಮನುಷ್ಯತ್ವವನ್ನು ದೇವರು ತನ್ನೊಳಕ್ಕೆ ತೆಗೆದುಕೊಂಡನು. ಶಿಲುಬೆಯ ಮೇಲೆ ನೋವುಂಡವನು ತ್ರಿಯೇಕ ದೇವರ ಮೂವರಲ್ಲಿ ಒಬ್ಬನು ಎಂದು 553ರ ಸಭೆ ಸ್ಪಷ್ಟಪಡಿಸಿತು, ಉಂಡದ್ದು ಶರೀರದಲ್ಲಿ. ಮೋಲ್ಟ್‌ಮನ್ ಹುಡುಕುತ್ತಿದ್ದ ಸಾಂತ್ವನ 1400 ವರ್ಷ ಮುಂಚೆಯೇ ಸಭೆಯ ಉಗ್ರಾಣದಲ್ಲಿತ್ತು.

ಆಂಗ್ಲಿಕನ್ನರ 39 ವಿಧಿಗಳಲ್ಲಿ ದೇವರಿಗೆ ದೇಹವಿಲ್ಲ, ಅಂಗಗಳಿಲ್ಲ, ‘ಪ್ಯಾಶನ್’ ಇಲ್ಲ ಎಂದಿರುವುದನ್ನು ಹಿಡಿದು ಕಲ್ಲುದೇವರು ಎಂದಿದ್ದೀರಿ. ಆ ಪದದ ಲ್ಯಾಟಿನ್ ಮೂಲಕ್ಕೆ ಹೊರಗಿನಿಂದ ಬಂದೆರಗಿದ್ದನ್ನು ಅನುಭವಿಸುವುದು ಎಂದರ್ಥ. ಹಸಿವು ನಮ್ಮ ಮೇಲೆ ಬಂದೆರಗುತ್ತದೆ, ಸಿಟ್ಟು ಬಂದೆರಗುತ್ತದೆ, ಪ್ರೀತಿಯೂ ಒಮ್ಮೆ ಉಕ್ಕಿ ಒಮ್ಮೆ ಇಂಗುತ್ತದೆ. ದೇವರ ಪ್ರೀತಿಗೆ ಉಬ್ಬರವಿಳಿತವಿಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಎಂದು ನಮ್ಮ ಹಿರಿಯರು ಹೇಳುವಾಗ ಕೊಡ ಬರಿದಾಗಿದೆ ಎಂದು ಯಾರೂ ತಿಳಿಯುವುದಿಲ್ಲವಲ್ಲ.

ಬಸವಣ್ಣನವರ ವಚನವನ್ನು ನೀವು ತಂದದ್ದು ನನಗೆ ಸಂತೋಷ. ಅದರ ಮೊದಲ ಸಾಲಿನಿಂದ ಓದಿ. ಉಳ್ಳವರು ಕಲ್ಲಿನಲ್ಲಿ ಕಟ್ಟುವ ಗುಡಿ ಅಲ್ಲಿ ಸ್ಥಾವರ, ಅದಕ್ಕೆ ಅಳಿವುಂಟು. ಅವರು ಹುಡುಕುತ್ತಿರುವುದೂ ಅಳಿವಿಲ್ಲದ್ದನ್ನೇ. 2 ಸಮುವೇಲ 7ರಲ್ಲಿ ದಾವೀದ ದೇವದಾರಿನ ಮನೆಯಲ್ಲಿ ಕೂತು ಯೆಹೋವನಿಗೆ ಆಲಯ ಕಟ್ಟಲು ಹೊರಟಾಗ ಬಂದ ಉತ್ತರ, ಐಗುಪ್ತದಿಂದ ಹೊರಟ ದಿನದಿಂದ ನಾನು ಗುಡಾರದಲ್ಲೇ ಸಂಚರಿಸಿದ್ದೇನೆ ಎಂದು. ಡೇರೆಯಲ್ಲಿ ನಡೆಯುತ್ತಲೇ ಇರುವವನು, ಮಾತಿನಲ್ಲಿ ಕದಲದವನು. ಬದಲಾಗದೆ ಎಲ್ಲವನ್ನೂ ಬದಲಿಸುವವನು ಎಂದು ಅಗಸ್ಟೀನ ಪ್ರಾರ್ಥಿಸಿದ್ದು ಇವನಿಗೇ.

ನೀವು ಹೆದರುತ್ತಿರುವ ಕಲ್ಲಿನಂಥ ಅಧಿಕಾರ ದಾನಿಯೇಲ 6ರಲ್ಲಿದೆ, ಆದರೆ ಅದು ದೇವರದ್ದಲ್ಲ. ಮೇದ್ಯ ಪಾರಸಿಯರ ಶಾಸನ ರದ್ದಾಗುವಂತಿಲ್ಲ. ರುಜು ಹಾಕಿದ ದಾರ್ಯಾವೆಷನೇ ಸೂರ್ಯ ಮುಳುಗುವವರೆಗೂ ದಾನಿಯೇಲನನ್ನು ಬಿಡಿಸಲು ಒದ್ದಾಡಿ ಸೋತ. ತನ್ನ ಗುಣಕ್ಕೆ ಒಪ್ಪದ ಶಾಸನಕ್ಕೆ ತಾನೇ ಕಟ್ಟುಬಿದ್ದ ಅರಸು ಅವನು. ದೇವರ ಶಾಸನ ಆತನ ಗುಣದಿಂದ ಬೇರೆಯಾಗಿ ಎಲ್ಲೂ ಇಲ್ಲ; ಅದಕ್ಕೇ ಇಬ್ರಿಯರಿಗೆ 6:13ರಲ್ಲಿ ಆತನು ಆಣೆಯಿಡಲು ಮೇಲೆ ಯಾರೂ ಇಲ್ಲದೆ ತನ್ನ ಮೇಲೆಯೇ ಆಣೆಯಿಟ್ಟನು. ಮರುದಿನ ಬೆಳಗ್ಗೆ ಗವಿಯ ಬಾಯಲ್ಲಿ ದಾನಿಯೇಲನ ದನಿ ಕೇಳಿದ ಅದೇ ದಾರ್ಯಾವೆಷ, ಆ ದೇವರು ಜೀವಸ್ವರೂಪನು, ಸದಾ ಸ್ಥಿರನು ಎಂದು 26ನೇ ವಚನದಲ್ಲಿ ಬರೆಸುತ್ತಾನೆ. ಜೀವವೂ ಸ್ಥಿರತೆಯೂ ಒಂದೇ ಉಸಿರಿನಲ್ಲಿ.

ಇಲ್ಲಿ ನನ್ನ ನೋವನ್ನೂ ಹೇಳಿಕೊಳ್ಳುತ್ತೇನೆ. ನಿಮ್ಮ ಗೊಂದಲಕ್ಕೆ ನೀವೊಬ್ಬರೇ ಕಾರಣರಲ್ಲ. ಯೇಸು ಕ್ರಿಸ್ತನು ನಿನ್ನೆ, ಈಹೊತ್ತು, ನಿರಂತರವೂ ಹಾಗೇ ಇದ್ದಾನೆ ಎಂಬ ಇಬ್ರಿಯ 13:8ನ್ನು ಗೋಡೆಗೆ ಬರೆಸಿ, ಆರಾಧನೆಯ ಹೊತ್ತು ಬದಲಾಗಬಾರದು, ಬೆಂಚಿನ ಸಾಲು ಬದಲಾಗಬಾರದು, ಹಿರಿಯರ ಕುರ್ಚಿ ಬದಲಾಗಬಾರದು ಎನ್ನುವವರು ಇದ್ದಾರೆ. ಅದರ ಹಿಂದಿನ 7ನೇ ವಚನ ಗತಿಸಿದ ಸಭಾನಾಯಕರ ಬಗ್ಗೆ ಇದೆ: ಅವರು ಹೋದರು, ಕ್ರಿಸ್ತ ಇದ್ದಾನೆ. ಅದೇ ಪತ್ರಿಕೆಯ 7:12 ಯಾಜಕತ್ವವೇ ಬದಲಾಯಿತು ಎನ್ನುತ್ತದೆ. ದೇವರ ಅಧಿಕಾರವನ್ನು ಕಡ ತಂದು ತಮ್ಮ ಪದ್ಧತಿಗೆ ಹೊದಿಸುವುದು ದೊಡ್ಡ ತಪ್ಪು. ಇನ್ನೊಂದು ಕಡೆ ಉಜ್ಜೀವನ ಕೂಟಗಳ ಭಿತ್ತಿಪತ್ರಗಳಲ್ಲಿ, 21 ದಿನ ಉಪವಾಸ ಮಾಡಿ ದೇವರ ಮನಸ್ಸು ತಿರುಗಿಸಿರಿ ಎಂಬ ಕರೆ. ದೇವರನ್ನು ಒಲ್ಲದ ಅಧಿಕಾರಿಯಂತೆ ತೋರಿಸಿ, ಶಿಫಾರಸು ಮಾಡುವವರ ಬೆಲೆ ಏರಿಸುವ ಬೋಧನೆ ಅದು. ದೃಢೀಕರಣದ ತರಗತಿಗಳಲ್ಲಿ ಪ್ರಶ್ನೋತ್ತರ ಬಾಯಿಪಾಠ ನಿಂತುಹೋದ ಮೇಲೆ ಇವೆರಡಕ್ಕೂ ತಡೆಯಿಲ್ಲದಾಗಿದೆ. 1647ರ ವೆಸ್ಟ್‌ಮಿನ್‌ಸ್ಟರ್ ಕಿರು ಪ್ರಶ್ನೋತ್ತರದ ನಾಲ್ಕನೇ ಉತ್ತರ ಏಳು ಸಂಗತಿಗಳಲ್ಲಿ ದೇವರು ಬದಲಾಗದವನು ಎಂದು ಎಣಿಸುತ್ತದೆ: ಇರವು, ಜ್ಞಾನ, ಶಕ್ತಿ, ಪರಿಶುದ್ಧತೆ, ನ್ಯಾಯ, ಒಳ್ಳೆಯತನ, ಸತ್ಯ. ಹದಿನಾಲ್ಕರ ಮಗುವಿಗೆ ಇಷ್ಟು ಕಲಿಸಲು ಒಂದು ಭಾನುವಾರ ಸಾಕು.

ಪ್ರಾರ್ಥನೆಗೆ ಏನು ಫಲ ಎಂದಿರಿ. ಬೇಡುವುದಕ್ಕೆ ಮುಂಚೆಯೇ ನಿಮ್ಮ ತಂದೆಗೆ ಗೊತ್ತು ಎಂದು ಮತ್ತಾಯ 6:8ರಲ್ಲಿ ಹೇಳಿದ ಕರ್ತನು 9ರಲ್ಲೇ ಬೇಡುವುದನ್ನು ಕಲಿಸುತ್ತಾನೆ. ಬೆಳೆಯನ್ನು ಕೊಡಲು ಮನಸ್ಸು ಮಾಡಿದವನು ಬಿತ್ತನೆಯನ್ನೂ ನೇಮಿಸಿದ್ದಾನೆ. ಪ್ರಾರ್ಥನೆ ಆ ಬಿತ್ತನೆ. ಬಂಗಾರದ ಕರುವಿನ ಪ್ರಸಂಗದಲ್ಲಿ ಮೋಶೆ ಬೇಡಿದ ರೀತಿ ನೋಡಿ, ವಿಮೋಚನಕಾಂಡ 32:13. ಅಬ್ರಹಾಮ, ಇಸಾಕ, ಇಸ್ರಾಯೇಲರಿಗೆ ನಿನ್ನ ಮೇಲೆ ಆಣೆಯಿಟ್ಟು ಹೇಳಿದ್ದನ್ನು ನೆನಪಿಸಿಕೋ ಎನ್ನುತ್ತಾನೆ. ‘ನಾಹಮ್’ ಬರುವುದು ಅದರ ಮುಂದಿನ ವಚನದಲ್ಲಿ. ಬದಲಾಗದ ಮಾತನ್ನು ಹಿಡಿದೇ ಅವನು ಬೇಡಿದ.

ಹಿಜ್ಕೀಯನದೂ ಅದೇ. 2 ಅರಸುಗಳು 20ರಲ್ಲಿ, ಸಾಯುತ್ತೀ ಎಂದು ಹೇಳಿ ಹೊರಟ ಯೆಶಾಯ ನಡುವಣ ಅಂಗಳ ದಾಟುವಷ್ಟರಲ್ಲಿ ಹಿಂದಿರುಗಬೇಕಾಯಿತು. ಆಗ ಮಾತಾಡಿದವನು ತನ್ನನ್ನು ನಿನ್ನ ಪಿತೃವಾದ ದಾವೀದನ ದೇವರು ಎಂದು ಕರೆದುಕೊಳ್ಳುತ್ತಾನೆ. ಕಾಪಾಡುವುದು ನನಗೋಸ್ಕರ, ನನ್ನ ಸೇವಕ ದಾವೀದನಿಗೋಸ್ಕರ ಎನ್ನುತ್ತಾನೆ. ದಾವೀದನ ಸಂತತಿ ಸಿಂಹಾಸನದಿಂದ ತಪ್ಪದು ಎಂಬ ಮಾತು ಬಹಳ ಹಿಂದೆಯೇ ಕೊಟ್ಟಾಗಿತ್ತು. ಈಗ 21:1ನ್ನು ಓದಿ: ತಂದೆ ಸತ್ತು ಪಟ್ಟಕ್ಕೆ ಬಂದಾಗ ಮನಸ್ಸೆಗೆ 12 ವರ್ಷ. ಹದಿನೈದರಲ್ಲಿ ಹನ್ನೆರಡು ಕಳೆಯಿರಿ. ಹಿಜ್ಕೀಯ ಗೋಡೆಯ ಕಡೆ ಮುಖ ಮಾಡಿ ಅತ್ತ ದಿನ ಆ ಮಗು ಇನ್ನೂ ಹುಟ್ಟಿರಲಿಲ್ಲ. ಮತ್ತಾಯ 1:10ರ ವಂಶಾವಳಿಯಲ್ಲಿ, ಯೇಸುವಿನ ಪೂರ್ವಿಕರ ಸಾಲಿನಲ್ಲಿ, ಹಿಜ್ಕೀಯನ ನಂತರದ ಹೆಸರು ಅದೇ.