ಒಳಗಿನ ಪ್ಯಾಡ್ ನೋಡಿದಿರಾ? ಕಾರಿನ ಬ್ರೇಕ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಬೆಳಿಗ್ಗೆ ಕಾರು ತೆಗೆದಾಗ ಮುಂದಿನ ಚಕ್ರದಲ್ಲಿ ಕರಕರ ಸದ್ದು ಬರುತ್ತದೆ. ಸ್ವಲ್ಪ ದೂರ ಹೋದರೆ ತಾನಾಗಿ ನಿಲ್ಲುತ್ತದೆ. ಬ್ರೇಕ್ ಪ್ಯಾಡ್ ಮುಗಿಯಿತೆಂದು ಅರ್ಥವೇ?

ಉತ್ತರ: ನಾಲ್ಕೈದು ಸಲ ಬ್ರೇಕ್ ಹಾಕುವಷ್ಟರಲ್ಲಿ ನಿಂತುಹೋದರೆ ಅದು ತುಕ್ಕಿನ ಸದ್ದು. ಮಳೆಯಲ್ಲಿ ನೆನೆದ ಅಥವಾ ತೊಳೆದು ನಿಲ್ಲಿಸಿದ ಕಾರಿನ ಡಿಸ್ಕ್ (ಚಕ್ರದೊಂದಿಗೆ ತಿರುಗುವ ಲೋಹದ ತಟ್ಟೆ) ಮೇಲೆ ಬೆಳಗಾಗುವುದರೊಳಗೆ ತೆಳ್ಳಗೆ ತುಕ್ಕು ಕಟ್ಟುತ್ತದೆ, ಬ್ರೇಕ್ ಹಾಕಿದಾಗ ಡಿಸ್ಕನ್ನು ಒತ್ತುವ ಪ್ಯಾಡ್ ಅದನ್ನು ಉಜ್ಜಿ ತೆಗೆಯುತ್ತದೆ. ಸವೆದ ಪ್ಯಾಡಿನ ಸದ್ದೇ ಬೇರೆ. ಬಹಳಷ್ಟು ಪ್ಯಾಡ್‌ಗಳಿಗೆ ಉಕ್ಕಿನ ಒಂದು ಪುಟ್ಟ ನಾಲಿಗೆ ಇರುತ್ತದೆ. ಪ್ಯಾಡ್ 2–3 ಮಿ.ಮೀ.ಗೆ ಇಳಿದಾಗ ಅದು ಡಿಸ್ಕ್‌ಗೆ ತಾಗಿ, ಸ್ಲೇಟಿನ ಮೇಲೆ ಬಳಪ ಗೀಚಿದ ಹಾಗೆ ಕೀರಲು ಸದ್ದು ಮಾಡುತ್ತದೆ. ಎಷ್ಟೋ ಸಲ ಈ ಸದ್ದು ಕಾರು ಸುಮ್ಮನೆ ಓಡುವಾಗ ಕೇಳಿ, ಬ್ರೇಕ್ ಒತ್ತಿದಾಗ ನಿಲ್ಲುತ್ತದೆ. ಹಾಗಾಗಿ ಜನ ಇದು ಬ್ರೇಕಿನದಲ್ಲ ಎಂದುಕೊಂಡು ಬಿಟ್ಟುಬಿಡುತ್ತಾರೆ. ಮುಂದಿನ ಹಂತ ಲೋಹಕ್ಕೆ ಲೋಹ ಉಜ್ಜುವ ಗರಗರ. ಆಗ ಡಿಸ್ಕೂ ಹಾಳು, ಖರ್ಚೂ ಎರಡು ಪಟ್ಟು.

ಪ್ರಶ್ನೆ: ಅಲಾಯ್ ಚಕ್ರದ ಸಂದಿಯಿಂದ ನಾನೇ ಇಣುಕಿ ನೋಡಿದೆ, ಪ್ಯಾಡ್ ಅರ್ಧಕ್ಕರ್ಧ ಉಳಿದಿತ್ತು. ಮೆಕ್ಯಾನಿಕ್ ಮಾತ್ರ ಬಿಚ್ಚಿ ನೋಡಿ ಪೂರ್ತಿ ಮುಗಿದಿದೆ ಎನ್ನುತ್ತಿದ್ದಾರೆ. ನಂಬುವುದೇ?

ಉತ್ತರ: ಇಬ್ಬರೂ ಸರಿ ಇರಬಹುದು. ನೀವು ನೋಡಿದ್ದು ಹೊರಗಿನ ಪ್ಯಾಡ್, ಅವರು ಹೇಳುತ್ತಿರುವುದು ಒಳಗಿನದು. ಹೆಚ್ಚಿನ ಕಾರುಗಳಲ್ಲಿ, ಪ್ಯಾಡುಗಳನ್ನು ಹಿಡಿದು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನಲ್ಲಿ ಪಿಸ್ಟನ್ ಇರುವುದು ಒಳಬದಿಯಲ್ಲಿ ಮಾತ್ರ. ಅದು ಒಳಗಿನ ಪ್ಯಾಡನ್ನು ಡಿಸ್ಕ್‌ಗೆ ಒತ್ತುತ್ತದೆ, ಆ ಒತ್ತಡಕ್ಕೆ ಇಡೀ ಕ್ಯಾಲಿಪರ್ ಎರಡು ಸ್ಲೈಡ್ ಪಿನ್‌ಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದುಕೊಳ್ಳುತ್ತದೆ. ಪಿನ್ನಿನ ರಬ್ಬರ್ ಹರಿದು ನೀರು ಸೇರಿ, ಗ್ರೀಸ್ ಒಣಗಿದರೆ ಕ್ಯಾಲಿಪರ್ ಜಾರುವುದಿಲ್ಲ. ಕೆಲಸವೆಲ್ಲ ಒಳಗಿನ ಪ್ಯಾಡಿನ ತಲೆಗೆ ಬೀಳುತ್ತದೆ. ಪಿನ್ ಬಿಡಿಸದೆ ಹೊಸ ಪ್ಯಾಡ್ ಹಾಕಿದರೆ ಅದರ ಗತಿಯೂ ಅಷ್ಟೇ.

ಅಳತೆಯಲ್ಲೂ ಒಂದು ಮೋಸವಿದೆ. ಪ್ಯಾಡಿನ ಬೆನ್ನಿಗಿರುವ ಉಕ್ಕಿನ ತಗಡು ಸುಮಾರು 5 ಮಿ.ಮೀ. ದಪ್ಪ. ಅದನ್ನೂ ಸೇರಿಸಿ ನೋಡಿದರೆ ಬೇಕಾದಷ್ಟಿದೆ ಎನಿಸುತ್ತದೆ. ತಗಡು ಬಿಟ್ಟು, ಉಜ್ಜುವ ಭಾಗವನ್ನಷ್ಟೇ ಅಳೆಯಿರಿ. ಹೊಸದರಲ್ಲಿ ಅದು ಸಾಮಾನ್ಯವಾಗಿ 10–12 ಮಿ.ಮೀ. ಇರುತ್ತದೆ, 3 ಮಿ.ಮೀ.ಗೆ ಬಂದಾಗ ಬದಲಿಸಬೇಕು. ಒಳಗಿನದನ್ನು ನೋಡಲು ಸ್ಟೀರಿಂಗ್ ಪೂರ್ತಿ ತಿರುಗಿಸಿ, ಚಕ್ರದ ಹಿಂದಿನಿಂದ ಟಾರ್ಚ್ ಬಿಡಿ.

ಪ್ರಶ್ನೆ: ಬ್ರೇಕ್ ಆಯಿಲ್ ಕಡಿಮೆಯಾಗಿದೆಯೆಂದು ತುಂಬಿಸಿದ್ದೆ. ಪ್ಯಾಡ್ ಹಾಕುವಾಗ ಡಬ್ಬಿ ಉಕ್ಕಿ ಪೇಂಟ್ ಎದ್ದುಹೋಯಿತು. ಏಕೆ?

ಉತ್ತರ: ಪ್ಯಾಡ್ ಸವೆದಷ್ಟೂ ಪಿಸ್ಟನ್ ಮುಂದಕ್ಕೆ ಬರುತ್ತದೆ, ಖಾಲಿಯಾದ ಜಾಗಕ್ಕೆ ಡಬ್ಬಿಯ ಆಯಿಲ್ ಇಳಿಯುತ್ತದೆ. ಹೊಸ ಪ್ಯಾಡಿಗಾಗಿ ಪಿಸ್ಟನ್ ಹಿಂದಕ್ಕೆ ತಳ್ಳಿದಾಗ ಅಷ್ಟೂ ವಾಪಸ್ ಬರುತ್ತದೆ. ಮಟ್ಟ ಇಳಿದರೆ ಮೊದಲು ಪ್ಯಾಡ್ ನೋಡಿ. ಪ್ಯಾಡ್ ಚೆನ್ನಾಗಿದ್ದೂ ಇಳಿದಿದ್ದರೆ ಎಲ್ಲೋ ಸೋರುತ್ತಿದೆ.

ಪ್ರಶ್ನೆ: ಮುಂದಿನ ಪ್ಯಾಡ್‌ಗಳನ್ನು ಮನೆಯಲ್ಲೇ ಬದಲಿಸುವ ಕ್ರಮ ತಿಳಿಸಿ.

ಉತ್ತರ: ಸಮತಟ್ಟಾದ ಜಾಗ, ಹ್ಯಾಂಡ್‌ಬ್ರೇಕ್, ಹಿಂದಿನ ಚಕ್ರಗಳಿಗೆ ಕಲ್ಲು. ವೀಲ್ ನಟ್‌ಗಳನ್ನು ಚಕ್ರ ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ, ಆಮೇಲೆ ಜಾಕ್ ಏರಿಸಿ. ಬರೀ ಜಾಕ್ ನಂಬಿ ಕೈ ಹಾಕಬೇಡಿ, ಕೆಳಗೆ ಸ್ಟ್ಯಾಂಡ್ ಇರಲೇಬೇಕು. ಒಂದು ಬದಿ ಮುಗಿಸಿ ಇನ್ನೊಂದಕ್ಕೆ ಹೋಗಿ. ಯಾವ ಕ್ಲಿಪ್ ಎಲ್ಲಿತ್ತೆಂದು ಮರೆತರೆ ಬಿಚ್ಚದ ಬದಿ ನೋಡಿಕೊಳ್ಳಬಹುದು.

ಕ್ಯಾಲಿಪರ್‌ನ ಕೆಳಗಿನ ಬೋಲ್ಟ್ ಬಿಚ್ಚಿದರೆ ಎಷ್ಟೋ ಕಾರುಗಳಲ್ಲಿ ಅದು ಮೇಲಿನ ಪಿನ್ನಿನ ಮೇಲೆ ಪೆಟ್ಟಿಗೆಯ ಮುಚ್ಚಳದ ಹಾಗೆ ತೆರೆದುಕೊಳ್ಳುತ್ತದೆ. ಎರಡೂ ಬೋಲ್ಟ್ ತೆಗೆಯಬೇಕಾದರೆ ಕ್ಯಾಲಿಪರನ್ನು ತಂತಿಯಿಂದ ಸಸ್ಪೆನ್ಷನ್ ಸ್ಪ್ರಿಂಗಿಗೆ ಕಟ್ಟಿ. ಬ್ರೇಕ್ ಹೋಸ್ ಮೇಲೆ ಜೋತುಬಿದ್ದರೆ ಹೋಸ್ ಒಳಗೊಳಗೇ ಹರಿಯಬಹುದು. ಧೂಳನ್ನು ಊದಬೇಡಿ, ಗಾಳಿ ಹೊಡೆಯಬೇಡಿ. ಬ್ರೇಕ್ ಕ್ಲೀನರ್ ಅಥವಾ ಒದ್ದೆ ಬಟ್ಟೆ ಸಾಕು. ಡಿಸ್ಕ್ ಮೇಲೆ ಕನಿಷ್ಠ ದಪ್ಪ ಅಚ್ಚಾಗಿರುತ್ತದೆ, ಅದಕ್ಕಿಂತ ತೆಳುವಾಗಿದ್ದರೆ ಡಿಸ್ಕೂ ಬದಲಾಗಬೇಕು.

ಆಯಿಲ್ ಡಬ್ಬಿಯ ಮುಚ್ಚಳ ಸಡಿಲಿಸಿ, ಸುತ್ತ ಬಟ್ಟೆ ಹಾಸಿ. ಹಳೆಯ ಪ್ಯಾಡನ್ನು ಪಿಸ್ಟನ್ನಿಗೆ ಅಡ್ಡ ಇಟ್ಟು ಸಿ-ಕ್ಲಾಂಪಿನಿಂದ ನಿಧಾನವಾಗಿ ಒತ್ತಿ, ನಡುನಡುವೆ ಡಬ್ಬಿ ನೋಡಿಕೊಳ್ಳಿ. ಪಿನ್‌ಗಳು ಕೈಯಲ್ಲಿ ಒತ್ತಿದರೆ ಸರಾಗವಾಗಿ ಜಾರಬೇಕು. ಒರೆಸಿ, ಬ್ರೇಕ್ ಪಿನ್ನಿಗೆಂದೇ ಬರುವ ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿ. ಮಾಮೂಲು ಗ್ರೀಸ್ ರಬ್ಬರನ್ನು ಉಬ್ಬಿಸಿ ಪಿನ್ ಹಿಡಿದುಕೊಳ್ಳುವಂತೆ ಮಾಡುತ್ತದೆ. ಉಜ್ಜುವ ಮೈಗೆ ಗ್ರೀಸಿನ ಬೆರಳೂ ತಾಗಬಾರದು. ಹೊಸ ಪ್ಯಾಡ್ ಕೂರಿಸಿ ಕ್ಯಾಲಿಪರ್ ಮುಚ್ಚಿ. ಬೋಲ್ಟ್‌ಗಳ ಬಿಗಿತ ಕಾರಿನ ಕೈಪಿಡಿಯಲ್ಲಿದ್ದಷ್ಟೇ ಇರಲಿ.

ಇನ್ನೊಂದು ಕೆಲಸ ಮರೆತರೆ ಅನಾಹುತ: ಕಾರು ಅಲುಗಾಡಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಮತ್ತೆ ಮತ್ತೆ ಒತ್ತಬೇಕು. ಪಿಸ್ಟನ್ ಹಿಂದೆ ಹೋಗಿರುವುದರಿಂದ ಮೊದಲ ಒತ್ತಿಗೆ ಪೆಡಲ್ ನೆಲಕ್ಕೇ ಇಳಿಯುತ್ತದೆ. ನಂತರ ಆಯಿಲ್ ಮಟ್ಟ ಸರಿಮಾಡಿ. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 10ಕ್ಕೆ, ಪೂರ್ತಿ ನಿಲ್ಲಿಸದೆ, ಎಂಟು-ಹತ್ತು ಸಲ ಹದವಾಗಿ ಇಳಿಸಿ; ನಡುವೆ ತಣಿಯಲು ಬಿಡಿ.

ಹಿಂದಿನ ಚಕ್ರಕ್ಕೆ ಇದೇ ಕ್ರಮ ಅನ್ವಯಿಸಬೇಡಿ. ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್ ಇದ್ದರೆ ಮೊದಲು ಸರ್ವಿಸ್ ಮೋಡ್‌ಗೆ ಹಾಕಬೇಕು. ಕೆಲವು ಪಿಸ್ಟನ್‌ಗಳನ್ನು ತಿರುಗಿಸುತ್ತಲೇ ಒತ್ತಬೇಕು, ಕ್ಲಾಂಪ್ ಹಾಕಿದರೆ ಮುರಿಯುತ್ತವೆ.

ಪ್ರಶ್ನೆ: ಬಲಗಡೆ ಮಾತ್ರ ಸವೆದಿದೆ. ಒಂದೇ ಕಡೆ ಹಾಕಿದರೆ ಸಾಲದೇ?

ಉತ್ತರ: ಸಾಲದು. ಬ್ರೇಕ್ ಹಾಕಿದಾಗ ಕಾರು ಒಂದು ಬದಿಗೆ ಎಳೆಯುತ್ತದೆ. ಎರಡೂ ಕಡೆ ಹಾಕಿ, ಬಲಗಡೆಯೇ ಏಕೆ ಸವೆಯಿತೆಂದು ಅಲ್ಲಿನ ಪಿನ್, ಪಿಸ್ಟನ್ ನೋಡಿಸಿ.

ಪ್ರಶ್ನೆ: ಹೊಸ ಪ್ಯಾಡ್ ಹಾಕಿಸಿದರೂ ವೇಗದಲ್ಲಿ ಬ್ರೇಕ್ ಹಾಕಿದರೆ ಪೆಡಲ್ ನಡುಗುತ್ತದೆ.

ಉತ್ತರ: ಪ್ಯಾಡಿನ ಮೇಲೆ ತಪ್ಪು ಹೊರಿಸಬೇಡಿ. ಡಿಸ್ಕಿನ ದಪ್ಪ ಸುತ್ತಲೂ ಒಂದೇ ಸಮ ಇಲ್ಲದಿದ್ದರೆ ಹೀಗಾಗುತ್ತದೆ. ಡಿಸ್ಕ್ ಕೂರುವ ಹಬ್ (ಚಕ್ರದ ನಡುಭಾಗ) ಮೇಲೆ ತುಕ್ಕಿನ ಹೆಕ್ಕಳಿಕೆ ಇದ್ದರೂ ಡಿಸ್ಕ್ ಓರೆಯಾಗಿ ಕೂತು ಕ್ರಮೇಣ ಇದೇ ತೊಂದರೆ ಬರುತ್ತದೆ. ಡಿಸ್ಕ್ ಬದಲಿಸುವ ಮುನ್ನ ಆ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿಸಿ.