ಹಳೆಯ ಫೋಟೊ, ವಾಟ್ಸ್‌ಆ್ಯಪ್ ಫೋಟೊ: ಹಕ್ಕು ಯಾರದು?

ಪ್ರಶ್ನೆ: ನಮ್ಮೂರ ಪ್ರೌಢಶಾಲೆಯ ಸುವರ್ಣ ಮಹೋತ್ಸವಕ್ಕೆ ಸ್ಮರಣ ಸಂಚಿಕೆ ತರುತ್ತಿದ್ದೇವೆ. ಅಂತರ್ಜಾಲದಲ್ಲಿ ಸಿಕ್ಕ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೊ, 1978ರ ಎಸ್ಸೆಸ್ಸೆಲ್ಸಿ ಗ್ರೂಪ್ ಫೋಟೊ, ವಾಟ್ಸ್‌ಆ್ಯಪ್‌ನಲ್ಲಿ ಬಂದ ನವಿಲಿನ ಚಿತ್ರ ಹಾಕಬೇಕೆಂದಿದ್ದೇವೆ. ಯಾವುದರ ಮೇಲೂ ಕಾಪಿರೈಟ್ ಗುರುತಿಲ್ಲ. ಬಳಸಬಹುದೇ?

ಉತ್ತರ: ಗುರುತಿಲ್ಲ ಎಂಬುದರಿಂದ ಏನೂ ತಿಳಿಯುವುದಿಲ್ಲ. ಭಾರತದಲ್ಲಿ ಫೋಟೊ ತೆಗೆದ ಕ್ಷಣಕ್ಕೇ ಹಕ್ಕು ಹುಟ್ಟುತ್ತದೆ. ಅದಕ್ಕೆ ನೋಂದಣಿಯೂ ಬೇಡ, ವಾಟರ್‌ಮಾರ್ಕೂ ಬೇಡ. ಚಿತ್ರದಲ್ಲಿ ಇರುವವರನ್ನು ಬಿಟ್ಟು, ತೆಗೆದವರು ಯಾರು, ಮೊದಲು ಪ್ರಕಟವಾದದ್ದು ಯಾವಾಗ ಎಂದು ಹುಡುಕಿ.

ವಿಶ್ವೇಶ್ವರಯ್ಯನವರ ಫೋಟೊದಲ್ಲಿ ಬಹಳ ಮಂದಿ ಎಡವುವುದು ಇಲ್ಲೇ. ಅವರು ತೀರಿಕೊಂಡ 1962ಕ್ಕೆ 60 ಸೇರಿಸಿ ಹಕ್ಕು ಮುಗಿಯಿತು ಎಂದುಕೊಳ್ಳುತ್ತಾರೆ. ಆ 60 ವರ್ಷ ಎಣಿಸಬೇಕಾದ್ದು ಫೋಟೊಗ್ರಾಫರ್ ತೀರಿಕೊಂಡ ಮರುವರ್ಷದ ಜನವರಿ 1ರಿಂದ. ಈ ಲೆಕ್ಕ ನಮ್ಮ ಕಾಪಿರೈಟ್ ಕಾಯ್ದೆಗೆ 2012ರ ಜೂನ್ 21ರಂದು ಜಾರಿಯಾದ ತಿದ್ದುಪಡಿಯದು. ಅದಕ್ಕೂ ಮುಂಚೆ ಫೋಟೊಗಳಿಗೆ 25ನೇ ಸೆಕ್ಷನ್ ಇತ್ತು: ಪ್ರಕಟವಾದ ಮರುವರ್ಷದಿಂದ 60 ವರ್ಷ. ಹಾಗಾಗಿ 1951ರ ಕೊನೆಯೊಳಗೆ ಇಲ್ಲಿ ಪ್ರಕಟವಾದ ಫೋಟೊಗಳ ಹಕ್ಕು 2012 ಬರುವ ಹೊತ್ತಿಗೇ ಮುಗಿದಿತ್ತು. ಮುಗಿದದ್ದನ್ನು ತಿದ್ದುಪಡಿ ಮತ್ತೆ ಬದುಕಿಸಲಿಲ್ಲ. 1960ರಲ್ಲಿ ಪ್ರಕಟವಾದದ್ದಾದರೆ ಹೊಸ ಲೆಕ್ಕವೇ ಅನ್ವಯ ಎಂದುಕೊಂಡು ನಡೆಯುವುದು ಕ್ಷೇಮ. ವರ್ಷಕ್ಕಾಗಿ ವೆಬ್‌ಸೈಟಿನ ದಿನಾಂಕವನ್ನು ನೆಚ್ಚಬೇಡಿ. ಹಳೆಯ ಪತ್ರಿಕೆಯಲ್ಲೋ ಪುಸ್ತಕದಲ್ಲೋ ಅದು ಅಚ್ಚಾದ ಪುಟ ಹುಡುಕಿ, ಜೆರಾಕ್ಸ್ ಇಟ್ಟುಕೊಳ್ಳಿ. ಸರ್ಕಾರಿ ಫೋಟೊ ಎಲ್ಲರಿಗೂ ಮುಕ್ತ ಎಂಬುದು ಅಮೆರಿಕದ ಕೇಂದ್ರ ಸರ್ಕಾರದ ಚಿತ್ರಗಳ ಮಾತು. ನಮ್ಮಲ್ಲಿ ಸರ್ಕಾರಕ್ಕೂ ಪ್ರಕಟಣೆಯಿಂದ 60 ವರ್ಷದ ಹಕ್ಕಿದೆ.

ಗ್ರೂಪ್ ಫೋಟೊ ಸ್ವಲ್ಪ ಸೂಕ್ಷ್ಮ. ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಒಡೆಯರು ತೆಗೆಸಿದವರೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಕಾಯ್ದೆಯ 17(ಬಿ) ಸೆಕ್ಷನ್ ಹೇಳುವುದು ಅದನ್ನೇ. ಶಾಲೆಯೇ ಸ್ಟುಡಿಯೊದವರನ್ನು ಕರೆಸಿ ಬಿಲ್ ಕೊಟ್ಟಿದ್ದರೆ ಚಿಂತೆಯಿಲ್ಲ. ಆದರೆ ಸ್ಟುಡಿಯೊದವರು ತಾವಾಗಿ ಬಂದು ತೆಗೆದು, ಮಕ್ಕಳಿಗೆ ಕಾಪಿ ಮಾರಿಕೊಂಡು ಹೋಗಿದ್ದರೆ ಹಕ್ಕು ಅವರದೇ. ಕಾಪಿ ಕೊಂಡವರಿಗೆ ಸಿಕ್ಕಿದ್ದು ಕಾಗದ ಮಾತ್ರ. ಶಾಲೆಯ ಹಳೆಯ ಲೆಕ್ಕದ ಪುಸ್ತಕ ತೆಗೆದು ನೋಡಿ.

ನವಿಲಿನ ಚಿತ್ರ ಸದ್ಯಕ್ಕೆ ಬದಿಗಿಡಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿಯೇ ಕಳಿಸಿದರೆ ಫೈಲಿನೊಳಗಿನ ಕ್ಯಾಮೆರಾ, ದಿನಾಂಕ, ಹೆಸರಿನ ವಿವರಗಳು ಅಳಿಸಿಹೋಗುತ್ತವೆ. ಮೂಲ ಹುಡುಕಲು ಗೂಗಲ್ ಲೆನ್ಸ್‌ನಲ್ಲಿ ಹಾಕಿ. ಚಿತ್ರ ಹುಡುಕಿಕೊಡುವ ಜಾಲತಾಣ ಟಿನ್‌ಐನಲ್ಲಿ ಹಾಕಿ ‘ಅತಿ ಹಳೆಯದು’ ಮೊದಲು ಬರುವಂತೆ ಜೋಡಿಸಿ. ದೊಡ್ಡ ಗಾತ್ರದ ಪ್ರತಿ ಇರುವ ಪುಟ ಸಾಮಾನ್ಯವಾಗಿ ಮೂಲಕ್ಕೆ ಹತ್ತಿರ. ಮುಕ್ತ ಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ನಲ್ಲಿ ಸಿಕ್ಕರೆ ಲೈಸೆನ್ಸ್ ಓದಿ: ‘ಸಿಸಿ ಬಿವೈ-ಎಸ್‌ಎ’ (ಹೆಸರು ಹೇಳಿ ಬಳಸಿ, ಬದಲಿಸಿದರೆ ಅದೇ ಲೈಸೆನ್ಸಿನಲ್ಲಿ ಹಂಚಿ ಎಂಬ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್) ಎಂದಿದ್ದರೆ ತೆಗೆದವರ ಹೆಸರು, ಲೈಸೆನ್ಸಿನ ಹೆಸರು ಮತ್ತು ಕೊಂಡಿ, ಬದಲಾವಣೆ ಮಾಡಿದ್ದರೆ ಅದರ ಸೂಚನೆ ಅಚ್ಚಾಗಬೇಕು. ಬೇರೆ ಕಡೆ ‘ಎನ್‌ಸಿ’ (ವಾಣಿಜ್ಯ ಬಳಕೆಗೆ ಅಲ್ಲ) ಎಂದು ಕಂಡರೆ ಬಿಟ್ಟುಬಿಡಿ. ಜಾಹೀರಾತು ಹಾಕಿ ಮಾರುವ ಸಂಚಿಕೆ ವಾಣಿಜ್ಯ ಬಳಕೆ ಎನಿಸಿಕೊಳ್ಳಬಹುದು. ‘ಚಿತ್ರ ಕೃಪೆ: ಅಂತರ್ಜಾಲ’ ಎಂದು ಹಾಕಿ ಪಾರಾಗುವ ಯೋಚನೆಯೂ ಬೇಡ. ಅಂತರ್ಜಾಲ ಎಂಬ ಫೋಟೊಗ್ರಾಫರ್ ಯಾರೂ ಇಲ್ಲ.

ಅನುಮತಿ ಕೇಳುವಾಗ ಎಷ್ಟು ಪ್ರತಿ, ಪಿಡಿಎಫ್ ಹಂಚುತ್ತೀರಾ, ಎಷ್ಟು ವರ್ಷಕ್ಕೆ ಎಂದು ಪತ್ರದಲ್ಲೇ ಬರೆದು ಸಹಿ ಪಡೆಯಿರಿ. ಅವಧಿ ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಎಂದು ಪರಿಗಣಿಸುತ್ತದೆ.

ಪ್ರಶ್ನೆ: ವಿಧಾನಸೌಧದ ಫೋಟೊ ನಾನೇ ತೆಗೆದು ಮುಖಪುಟಕ್ಕೆ ಹಾಕಬಹುದೇ?

ಉತ್ತರ: ಹಾಕಬಹುದು. ಕಟ್ಟಡಗಳ ಮತ್ತು ಸಾರ್ವಜನಿಕ ಜಾಗದಲ್ಲಿ ಕಾಯಂ ಆಗಿ ನಿಂತ ಪ್ರತಿಮೆಗಳ ಫೋಟೊ ತೆಗೆದು ಪ್ರಕಟಿಸಲು 52ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಗೋಡೆಯ ಮೇಲೆ ಕಲಾವಿದರು ಬರೆದ ವರ್ಣಚಿತ್ರಕ್ಕೆ ಈ ವಿನಾಯಿತಿ ಇಲ್ಲ. ಅದನ್ನೇ ತುಂಬಿಕೊಂಡ ಫೋಟೊ ಹಾಕುವುದಾದರೆ ಕಲಾವಿದರ ಒಪ್ಪಿಗೆ ಬೇಕು.