ಥಾಯ್ ಜನರ ಮೂಲ ನಾಡು ಯಾವುದು? ಥೈಲ್ಯಾಂಡ್ ಅವರ ದೇಶವಾದದ್ದು ಹೇಗೆ?

ನೀವು ಕೇಳಿದ್ದು ಇಷ್ಟು: ಥಾಯ್ ಜನ ಮಂಗೋಲಿಯಾ ಕಡೆಯ ಆಲ್ಟಾಯ್ ಬೆಟ್ಟಗಳಿಂದ ಬಂದವರು ಎಂದು ಎಲ್ಲೋ ಓದಿದೆ, ಅದು ನಿಜವಾ? ನಿಜವಾದರೆ ಥೈಲ್ಯಾಂಡ್ ಅವರ ಸ್ವಂತ ನಾಡು ಹೌದೋ ಅಲ್ಲವೋ?

ಆಲ್ಟಾಯ್ ಕಥೆ ನಿಜವಲ್ಲ. ಥಾಯ್ ಭಾಷೆಯ ಬೇರು ಇರುವುದು ದಕ್ಷಿಣ ಚೀನಾ ಮತ್ತು ಉತ್ತರ ವಿಯೆಟ್ನಾಂ ಸೇರುವ ಗುಡ್ಡಗಾಡಿನಲ್ಲಿ. ಆದರೆ ನಾವು ಇವತ್ತು ಥಾಯ್ ಎಂದು ಕರೆಯುವ ಜನ ರೂಪುಗೊಂಡದ್ದು ಥೈಲ್ಯಾಂಡಿನ ಮಣ್ಣಿನಲ್ಲೇ, ಅಲ್ಲಿ ಮೊದಲಿನಿಂದ ಇದ್ದ ಮೋನ್ ಮತ್ತು ಖ್ಮೇರ್ ಜನರ ಜೊತೆ ಬೆರೆತು. ಇನ್ನು 'ಥಾಯ್ ರಾಷ್ಟ್ರ' ಅನ್ನುವುದಕ್ಕೆ ಹೆಚ್ಚೆಂದರೆ ನೂರೈವತ್ತು ವರ್ಷ. ಭಾಷೆಯ ಊರು, ಜನರ ಊರು, ರಾಷ್ಟ್ರ, ಈ ಮೂರನ್ನೂ ಒಂದೇ ಅಂದುಕೊಂಡರೆ ಗೊಂದಲ ಶುರುವಾಗುತ್ತದೆ. ನಾನು ಕೆಲಸದ ಮೇಲೆ ಈಶಾನ್ಯ ಥೈಲ್ಯಾಂಡಿನ ಉದೋನ್ ಥಾನಿಯಲ್ಲಿ ಕೆಲವು ವರ್ಷ ಇದ್ದೆ. ಅಲ್ಲಿನ ಜನ ನನಗೆ ತುಂಬಾ ಹತ್ತಿರದವರು. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ನೀವು ಓದಿದ ಕಥೆ ಸುಮ್ನೆ ಯಾರೋ ಕಟ್ಟಿದ ಗಾಳಿಸುದ್ದಿಯಲ್ಲ. ಥೈಲ್ಯಾಂಡಿನ ಶಾಲಾ ಪುಸ್ತಕಗಳಲ್ಲೇ ಅದು ಬಹಳ ಕಾಲ ಇತ್ತು. ಥಾಯ್ ಜನ ಆಲ್ಟಾಯ್ ಬಿಟ್ಟು ಚೀನಾಕ್ಕೆ ಇಳಿದರು, ಯುನ್ನಾನ್‌ನಲ್ಲಿ ನಾನ್‌ಚಾವೋ ಎಂಬ ರಾಜ್ಯ ಕಟ್ಟಿದರು, 1253ರಲ್ಲಿ ಮಂಗೋಲರ ನಾಯಕ ಕುಬ್ಲಾಯ್ ಖಾನನ ಸೇನೆ ಯುನ್ನಾನ್ ಮೇಲೆ ಬಿದ್ದಾಗ ದಕ್ಷಿಣಕ್ಕೆ ಓಡಿ ಬಂದರು ಎಂದು ಮಕ್ಕಳಿಗೆ ಹೇಳಿಕೊಡುತ್ತಿದ್ದರು. ಈಗ ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ. ನಾನ್‌ಚಾವೋ ಆಳಿದವರ ಭಾಷೆ ಟಿಬೆಟೋ-ಬರ್ಮನ್ ಗುಂಪಿನದು, ಥಾಯ್ ಗುಂಪಿನದಲ್ಲ. ಇನ್ನೊಂದು ಸಾಕ್ಷಿ ನಮ್ಮ ದೇಶದಲ್ಲೇ ಇದೆ. ಅಸ್ಸಾಂ ಆಳಿದ ಅಹೋಮರು ಮೂಲತಃ ಥಾಯ್ ಬಳಗದವರು. ಅವರ ಮೊದಲ ದೊರೆ ಸುಕಾಫಾ ಪಾಟ್ಕಾಯ್ ಬೆಟ್ಟ ದಾಟಿ ಬ್ರಹ್ಮಪುತ್ರಾ ಬಯಲಿಗೆ ಇಳಿದದ್ದು 1228ರಲ್ಲಿ. ಅಂದರೆ ಕುಬ್ಲಾಯ್ ಬರುವ 25 ವರ್ಷ ಮೊದಲೇ ಈ ಬಳಗದ ಒಂದು ತಂಡ ಅಸ್ಸಾಂ ತಲುಪಿತ್ತು. ಮಂಗೋಲರು ಅಟ್ಟಿದ್ದಕ್ಕೇ ಇವರು ಹೊರಟರು ಅನ್ನೋದು ಅಲ್ಲಿಗೇ ಬಿದ್ದು ಹೋಗುತ್ತದೆ, ಅಲ್ವಾ?

ಹಾಗಾದರೆ ಮೂಲ ಎಲ್ಲಿ? ಒಂದು ಭಾಷಾಬಳಗ ಎಲ್ಲಿ ಬಹಳ ಕಾಲದಿಂದ ಇದೆಯೋ ಅಲ್ಲಿ ಅದರ ಒಳಭೇದಗಳು ಜಾಸ್ತಿ ಇರುತ್ತವೆ. ಥಾಯ್ ಬಳಗದ ಭಾಷೆಗಳಲ್ಲಿ ಆ ವೈವಿಧ್ಯ ಕಾಣುವುದು ಚೀನಾದ ಗುವಾಂಗ್‌ಶಿ ಪ್ರಾಂತ್ಯದಲ್ಲಿ ಮತ್ತು ಅದಕ್ಕೆ ತಾಗಿದ ವಿಯೆಟ್ನಾಂ ಗಡಿಯಲ್ಲಿ. ಗುವಾಂಗ್‌ಶಿಯಲ್ಲಿ ಈಗಲೂ ಝುವಾಂಗ್ ಜನ ಇದ್ದಾರೆ. ಚೀನಾದ ಅಲ್ಪಸಂಖ್ಯಾತ ಸಮುದಾಯಗಳಲ್ಲೇ ದೊಡ್ಡದು ಅವರದು. ಅವರ ಭಾಷೆ ಥಾಯ್ ಭಾಷೆಗೆ ದಾಯಾದಿ. ಇದಕ್ಕೆ ತದ್ವಿರುದ್ಧವಾಗಿ, ಥೈಲ್ಯಾಂಡಿನಿಂದ ಲಾವೋಸ್, ಬರ್ಮಾದ ಶಾನ್ ನಾಡು, ಅಸ್ಸಾಂವರೆಗೆ ಹರಡಿರುವ ಭಾಷೆಗಳು ಒಂದಕ್ಕೊಂದು ತೀರಾ ಹತ್ತಿರ. ಹರಡಿ ಬಹಳ ಕಾಲ ಆಗಿಲ್ಲ ಎಂಬುದಕ್ಕೆ ಇದೇ ಗುರುತು. ಸುಮಾರು ಸಾವಿರ, ಸಾವಿರದ ಇನ್ನೂರು ವರ್ಷಗಳ ಹಿಂದೆ ಈ ಹರಿವು ಶುರುವಾಗಿದೆ.

ಹರಿವು ಎಂದೆ, ವಲಸೆ ಎನ್ನಲಿಲ್ಲ. ಒಂದು ಇಡೀ ಜನಾಂಗ ಗಂಟುಮೂಟೆ ಕಟ್ಟಿಕೊಂಡು ಹೊರಟಿತು ಎಂದು ಕಲ್ಪಿಸಿಕೊಳ್ಳಬೇಡಿ. ಇವರು ಗದ್ದೆ ಮಾಡುವ ಜನ. ಒಂದು ಕಣಿವೆಯಲ್ಲಿ ಗದ್ದೆ ಸಾಲದಾದಾಗ ಯಾರೋ ಒಬ್ಬ ನಾಯಕ ಕೆಲವು ಕುಟುಂಬ ಕಟ್ಟಿಕೊಂಡು ಪಕ್ಕದ ಕಣಿವೆಗೆ ಹೋಗುತ್ತಿದ್ದ. ಅಲ್ಲಿ ಹೊಳೆಗೆ ಮರದ ಗೂಟ, ಬಿದಿರು, ಕಲ್ಲು ಹಾಕಿ ಅಡ್ಡ ಕಟ್ಟಿ, ಕಾಲುವೆ ತೆಗೆದು ಗದ್ದೆಗೆ ನೀರು ಹಾಯಿಸುತ್ತಿದ್ದರು. ನಮ್ಮ ದಕ್ಷಿಣ ಕನ್ನಡ, ಕಾಸರಗೋಡಿನ ಕಡೆ ತೋಡಿಗೆ ಹಾಕುವ ಕಟ್ಟ ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಉತ್ತರ ಥೈಲ್ಯಾಂಡಿನ ಚಿಯಾಂಗ್ ಮಾಯ್ ಸುತ್ತಮುತ್ತ ಈ ಪದ್ಧತಿ ಇವತ್ತಿಗೂ ಇದೆ. ಅಲ್ಲಿ ಅದಕ್ಕೆ 'ಮುವಾಂಗ್ ಫಾಯ್' ಅನ್ನುತ್ತಾರೆ. ಯಾರ ಗದ್ದೆಗೆ ಎಷ್ಟು ನೀರು, ಕಟ್ಟ ರಿಪೇರಿಗೆ ಯಾರ ಮನೆಯಿಂದ ಎಷ್ಟು ಆಳು ಬರಬೇಕು ಎಂದು ನೋಡಿಕೊಳ್ಳಲು ಊರವರೇ ಒಬ್ಬ ಯಜಮಾನನನ್ನು ಆರಿಸುತ್ತಾರೆ. ರಾಜ್ಯಗಳು ಹುಟ್ಟುವ ಮೊದಲು ಥಾಯ್ ಸಮಾಜ ಇದ್ದದ್ದು ಹೀಗೆ, ಒಂದೊಂದು ಕಣಿವೆಗೆ ಒಬ್ಬೊಬ್ಬ ದೊರೆ.

ಅವರು ಇಳಿದು ಬಂದ ನೆಲ ಖಾಲಿ ಇರಲಿಲ್ಲ. ಬಯಲಿನಲ್ಲಿ ಮೋನ್ ಜನರ ದ್ವಾರಾವತಿ ಊರುಗಳಿದ್ದವು, ಬೌದ್ಧ ಧರ್ಮ ಆಗಲೇ ಬೇರೂರಿತ್ತು. ಪೂರ್ವದಲ್ಲಿ ಈಗಿನ ಕಾಂಬೋಡಿಯಾದ ಅಂಕೋರಿನಿಂದ ಆಳುತ್ತಿದ್ದ ಖ್ಮೇರ್ ಸಾಮ್ರಾಜ್ಯ ಕಟ್ಟಿಸಿದ ಕಲ್ಲಿನ ದೇವಾಲಯಗಳಿದ್ದವು. ಥಾಯ್ ನಾಯಕರು ಮೊದಲು ಈ ಆಳುವವರ ಕೈಕೆಳಗಿದ್ದು, 13ನೇ ಶತಮಾನದಲ್ಲಿ ಅಂಕೋರಿನ ಹಿಡಿತ ಸಡಿಲಾದಾಗ ಸ್ವತಂತ್ರರಾದರು. ಸುಖೋಥಾಯ್ ಹೀಗೆ ಎದ್ದ ರಾಜ್ಯ. ಲಿಪಿಯನ್ನು ಖ್ಮೇರರಿಂದ ಪಡೆದರು, ಧರ್ಮವನ್ನು ಮೋನರಿಂದ ಮತ್ತು ಸಿಂಹಳದಿಂದ. ರಾಮ್‌ಖಾಮ್‌ಹೇಂಗ್ ದೊರೆಯ 1292ರ ಶಾಸನದಲ್ಲಿ 'ನೀರಲ್ಲಿ ಮೀನಿದೆ, ಗದ್ದೆಯಲ್ಲಿ ಅಕ್ಕಿ ಇದೆ' ಎಂಬ ಮಾತು ಬರುತ್ತದೆ. ಥೈಲ್ಯಾಂಡಿನ ಯಾವ ಶಾಲೆಯ ಮಗುವನ್ನು ಕೇಳಿದರೂ ಈ ಸಾಲು ಹೇಳುತ್ತದೆ. 1351ರಲ್ಲಿ ಅಯುತ್ಥಾಯ ಶುರುವಾಯಿತು. ಹೆಸರು ನಮ್ಮ ಅಯೋಧ್ಯೆಯದೇ. ಅದು ದೊಡ್ಡ ವ್ಯಾಪಾರದ ಊರು: ಚೀನೀಯರು, ಪರ್ಷಿಯನ್ನರು, ಜಪಾನಿಗಳು, ಪೋರ್ಚುಗೀಸರು ಎಲ್ಲರೂ ಅಲ್ಲಿ ಮನೆ ಮಾಡಿದ್ದರು. 1767ರಲ್ಲಿ ಬರ್ಮಾದ ಸೇನೆ ಅದನ್ನು ಸುಟ್ಟು ಹಾಕಿತು. ಆಮೇಲೆ ರಾಜ್ಯವನ್ನು ಮತ್ತೆ ಒಟ್ಟುಗೂಡಿಸಿದ ತಾಕ್ಸಿನ್ ದೊರೆಯ ತಂದೆ ಚೀನಾದಿಂದ ಬಂದವನು. 1782ರಲ್ಲಿ ಬ್ಯಾಂಕಾಕ್ ರಾಜಧಾನಿಯಾಯಿತು, ಈಗಿನ ಚಕ್ರಿ ವಂಶ ಶುರುವಾಯಿತು.

ಇಷ್ಟೆಲ್ಲ ಆದರೂ 'ಥಾಯ್ ರಾಷ್ಟ್ರ' ಅನ್ನುವುದು ಇನ್ನೂ ಹುಟ್ಟಿರಲಿಲ್ಲ. ಇದ್ದದ್ದು ಸಿಯಾಮಿನ ರಾಜ. ಸಿಯಾಮ್ ಅಂದರೆ ಥೈಲ್ಯಾಂಡಿನ ಹಳೆಯ ಹೆಸರು. ಅವನಿಗೆ ಚಿಯಾಂಗ್ ಮಾಯ್, ಲಾವೋ ನಾಡುಗಳು, ಮಲಯದ ಸುಲ್ತಾನರು ಕಪ್ಪ ಕೊಡುತ್ತಿದ್ದರು. ಚಿನ್ನ, ಬೆಳ್ಳಿಯ ಪುಟ್ಟ ಮರಗಳನ್ನು ಮಾಡಿಸಿ ಬ್ಯಾಂಕಾಕಿಗೆ ಕಳಿಸಿದರೆ ಆಯಿತು, ಉಳಿದಂತೆ ಅವರವರ ನಾಡು ಅವರವರದು. ಗಡಿಗೆರೆ ಎಂಬುದು ಯಾರಿಗೂ ಬೇಕಿರಲಿಲ್ಲ. ಗೆರೆ ಎಳೆಯಬೇಕಾಗಿ ಬಂದದ್ದು ಯುರೋಪಿನವರಿಂದ. 1893ರಲ್ಲಿ ಫ್ರೆಂಚರು ಬ್ಯಾಂಕಾಕಿನ ಎದುರಿಗೇ ಯುದ್ಧನೌಕೆ ತಂದು ನಿಲ್ಲಿಸಿ ಮೆಕಾಂಗ್ ನದಿಯ ಪೂರ್ವದ ಲಾವೋ ನಾಡನ್ನು ಕಿತ್ತುಕೊಂಡರು. 1907ರಲ್ಲಿ ಅಂಕೋರ್ ಇರುವ ಸಿಯೆಮ್ ರೀಪ್ ಹೋಯಿತು. 1909ರಲ್ಲಿ ಕೆಡಾ, ಕೆಲಾಂತಾನ್ ಮುಂತಾದ ಮಲಯ ನಾಡುಗಳು ಬ್ರಿಟಿಷರ ಪಾಲಾದವು. ಉಳಿದ ನೆಲವೇ ಈಗಿನ ಥೈಲ್ಯಾಂಡಿನ ಆಕಾರ. ಕರ್ನಾಟಕದ ಎರಡೂವರೆ ಪಟ್ಟಿಗಿಂತ ಸ್ವಲ್ಪ ದೊಡ್ಡದು, ಜನ ಸುಮಾರು 6.6 ಕೋಟಿ.

ಉಳಿದದ್ದನ್ನಾದರೂ ಉಳಿಸಿಕೊಳ್ಳಬೇಕು ಎಂದು ಚುಲಾಲೊಂಗ್‌ಕೊರ್ನ್ ದೊರೆ ಹಠ ಹಿಡಿದ. ಅವನ ತಮ್ಮ ದಾಮ್ರೊಂಗ್ ರಾಜಕುಮಾರ ಗೃಹಮಂತ್ರಿಯಾಗಿ ಊರೂರಿಗೆ ಬ್ಯಾಂಕಾಕಿನ ಅಧಿಕಾರಿಗಳನ್ನು ಕಳಿಸಿದ. ಹಳೆಯ ದೊರೆಗಳ ಕೈಯಿಂದ ತೆರಿಗೆ, ನ್ಯಾಯ ಎರಡೂ ತಪ್ಪಿದವು. 1900ರಲ್ಲಿ ಕೋರಾಟ್‌ವರೆಗೆ ರೈಲು ಬಂತು. 1902ರಲ್ಲಿ ದೇಶದ ಭಿಕ್ಷುಗಳೆಲ್ಲ ಒಂದೇ ಆಡಳಿತದ ಕೆಳಗೆ ಬಂದರು. 1913ರಲ್ಲಿ ಎಲ್ಲರೂ ಮನೆತನದ ಹೆಸರು ಇಟ್ಟುಕೊಳ್ಳಬೇಕೆಂದು ಕಾನೂನಾಯಿತು. 1917ರಲ್ಲಿ ಈಗಿನ ಕೆಂಪು, ಬಿಳಿ, ನೀಲಿ ಬಾವುಟ. 1921ರಲ್ಲಿ ಕಡ್ಡಾಯ ಶಾಲೆ, ಅದೂ ಬ್ಯಾಂಕಾಕಿನ ಥಾಯ್ ಭಾಷೆಯಲ್ಲಿ. 1932ರಲ್ಲಿ ರಾಜರ ನೇರ ಆಳ್ವಿಕೆ ಮುಗಿಯಿತು. 1939ರಲ್ಲಿ ಪ್ರಧಾನಿ ಫಿಬುನ್ ಸೋಂಗ್‌ಕ್ರಾಮ್ ಸಿಯಾಮ್ ಎಂಬ ಹೆಸರು ತೆಗೆದು ಥೈಲ್ಯಾಂಡ್ ಎಂದು ಮಾಡಿದರು. ಅದೇ ವರ್ಷ ಇನ್ನೊಂದು ಆದೇಶ ಬಂತು: ಉತ್ತರದ ಥಾಯ್, ದಕ್ಷಿಣದ ಥಾಯ್, ಇಸ್ಲಾಂ ಥಾಯ್ ಎಂದೆಲ್ಲ ಕರೆಯಬಾರದು, ಎಲ್ಲರೂ ಬರೀ ಥಾಯ್. ಎಲೆ ಅಡಿಕೆ ಹಾಕುವುದನ್ನೂ ನಿಷೇಧಿಸಿದ್ದರು. ಅಡಿಕೆ ನಾಡಿನಿಂದ ಬಂದ ನನಗೆ ಇದನ್ನು ಕೇಳಿ ಅಲ್ಲಿನ ಅಜ್ಜಿಯರ ಬಗ್ಗೆ ನಿಜಕ್ಕೂ ಸಂಕಟವಾಯಿತು.

ಈ ರಾಷ್ಟ್ರ ಕಟ್ಟುವ ಕೆಲಸ ಹೆಚ್ಚು ಮುಟ್ಟಿದ್ದು ನಾನಿದ್ದ ಇಸಾನ್ ನಾಡನ್ನು. ಇಸಾನ್ ಅಂದರೆ ನಮ್ಮ ಈಶಾನ್ಯವೇ. ಅಲ್ಲಿನ ಹೆಚ್ಚಿನವರ ಮನೆಮಾತು ಲಾವೋ. ಲಾವೋಸ್ ದೇಶದ ಒಟ್ಟು ಜನಸಂಖ್ಯೆ ಮುಕ್ಕಾಲು ಕೋಟಿ, ಇಸಾನಿನದು ಎರಡು ಕೋಟಿಗೂ ಹೆಚ್ಚು. 1820ರ ದಶಕದಲ್ಲಿ ಲಾವೋ ನಾಡಿನ ವಿಯೆಂಟಿಯಾನ್‌ನ ಅನೂವೋಂಗ್ ದೊರೆ ಬ್ಯಾಂಕಾಕಿನ ವಿರುದ್ಧ ಎದ್ದಾಗ ಸಿಯಾಮಿನ ಸೇನೆ ವಿಯೆಂಟಿಯಾನನ್ನು ಹಾಳುಗೆಡವಿ, ಅಲ್ಲಿನ ಜನರನ್ನು ಮೆಕಾಂಗ್ ನದಿಯ ಈಚೆಗೆ ತಂದು ಕೂರಿಸಿತು. ಮುಂದೆ ಅದೇ ನದಿ ಗಡಿಯಾದಾಗ ಅಣ್ಣ ಒಂದು ದೇಶ, ತಮ್ಮ ಇನ್ನೊಂದು ದೇಶ. ಸರ್ಕಾರಿ ಕಾಗದದಲ್ಲಿ 'ಲಾವೋ' ಎಂಬ ಗುರುತು ಅಳಿಸಿ ಹೋಯಿತು.

ಉದೋನ್‌ನ ಬೆಳಗಿನ ಸಂತೆಯಲ್ಲಿ ನಾನು ನೋಡುತ್ತಿದ್ದದ್ದು ಇದು. ಮಸಾಲೆ ಹಚ್ಚಿದ ಹಂದಿ ಮಾಂಸದ ಕಡ್ಡಿಗಳನ್ನು ಕೆಂಡದ ಮೇಲೆ ಸುಡುವ ಒಬ್ಬ ಹೆಂಗಸು. ಪಕ್ಕದ ಬುಟ್ಟಿಯಲ್ಲಿ ಅಂಟು ಅಕ್ಕಿಯ ಅನ್ನ, ಸಣ್ಣ ಸಣ್ಣ ಪ್ಲಾಸ್ಟಿಕ್ ಕೊಟ್ಟೆಗಳಲ್ಲಿ. ಸರಿಯಾಗಿ 8 ಗಂಟೆಗೆ ಧ್ವನಿವರ್ಧಕದಲ್ಲಿ ರಾಷ್ಟ್ರಗೀತೆ ಬರುತ್ತಿತ್ತು. ದೇಶದ ತುಂಬ ದಿನಾ ಬೆಳಿಗ್ಗೆ 8ಕ್ಕೆ, ಸಂಜೆ 6ಕ್ಕೆ ಅದು ಇದ್ದದ್ದೇ. ಆಕೆ ಇಕ್ಕಳ ಹಿಡಿದ ಕೈ ಕೆಳಗಿಳಿಸಿ ನೆಟ್ಟಗೆ ನಿಲ್ಲುತ್ತಿದ್ದಳು. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಹೊಗೆ ಏಳುತ್ತಿತ್ತು, ಒಂದು ಮಗ್ಗುಲು ಸೀದರೂ ಆಕೆ ಅಲುಗುತ್ತಿರಲಿಲ್ಲ. ಗೀತೆ ಮುಗಿದ ಕೂಡಲೇ ಕಡ್ಡಿಗಳನ್ನು ಸರಸರ ತಿರುಗಿಸಿ, ಪಕ್ಕದ ತರಕಾರಿಯವಳ ಹತ್ತಿರ ಲಾವೋ ಭಾಷೆಯಲ್ಲಿ ಮಾತಿಗಿಳಿಯುತ್ತಿದ್ದಳು. ನನ್ನ ಹತ್ತಿರ ಬ್ಯಾಂಕಾಕಿನ ಥಾಯ್ ಮಾತಾಡುತ್ತಿದ್ದಳು. ಒಂದು ದಿನ 'ಸ್ಯಾಪ್ ಬೋ?' ಎಂದು ತನ್ನ ಮಾತಿನಲ್ಲೇ ಕೇಳಿದಳು. ರುಚಿಯಾಗಿದೆಯಾ ಎಂದು. ನಾನು ಅದೇ ಮಾತಿನಲ್ಲಿ 'ಸ್ಯಾಪ್' ಎಂದಾಗ ಆಕೆಯ ಮುಖ ಅರಳಿದ್ದು ನನಗೆ ಚೆನ್ನಾಗಿ ನೆನಪಿದೆ. ನೀನು ಲಾವೋನಾ ಥಾಯಾ ಎಂದು ಕೇಳಿದರೆ ಅಲ್ಲಿ ಬಹಳ ಜನ 'ಎರಡೂ' ಅನ್ನುತ್ತಾರೆ. ಆ ಉತ್ತರದಲ್ಲಿ ಯಾವ ತೊಡಕೂ ಇರುವುದಿಲ್ಲ.

ಹಾಗೆಂದು ಎಲ್ಲರಿಗೂ ಇದು ಇಷ್ಟು ಸಲೀಸಾಗಿಲ್ಲ. ಬ್ಯಾಂಕಾಕಿನ ಟ್ಯಾಕ್ಸಿ, ಕಟ್ಟಡ ಕೆಲಸ, ಮನೆಗೆಲಸದಲ್ಲಿ ಇಸಾನಿನವರೇ ಜಾಸ್ತಿ, ಅವರ ಮಾತಿನ ಧಾಟಿಯನ್ನು ಆಡಿಕೊಳ್ಳುವವರೂ ಇದ್ದಾರೆ. ಇನ್ನು ತೀರಾ ದಕ್ಷಿಣದ ಪಟ್ಟಾನಿ, ಯಾಲಾ, ನರಾಥಿವಾಟ್ ಪ್ರಾಂತ್ಯಗಳಲ್ಲಿ ಹೆಚ್ಚಿನವರು ಮಲಯ ಮಾತಾಡುವ ಮುಸ್ಲಿಮರು. 1909ರ ಗೆರೆ ಅವರನ್ನು ಸಿಯಾಮಿನ ಕಡೆಗೆ ಉಳಿಸಿತು. 2004ರಿಂದ ಅಲ್ಲಿ ಮತ್ತೆ ಹೊತ್ತಿಕೊಂಡ ಹಿಂಸೆಗೆ ಸಾವಿರಾರು ಜನ ಬಲಿಯಾಗಿದ್ದಾರೆ. ಉತ್ತರದ ಬೆಟ್ಟಗಳಲ್ಲಿ ಕರೆನ್, ಮೊಂಗ್, ಅಖಾ ಮುಂತಾದ ಜನ ಇದ್ದಾರೆ. ಅಲ್ಲೇ ಹುಟ್ಟಿದರೂ ಪೌರತ್ವ ಸಿಗದ ಎಷ್ಟೋ ಕುಟುಂಬಗಳಿವೆ. 2018ರಲ್ಲಿ ಥಾಮ್ ಲುವಾಂಗ್ ಗುಹೆಯಲ್ಲಿ ಸಿಕ್ಕಿಬಿದ್ದ ಫುಟ್‌ಬಾಲ್ ತಂಡ ನೆನಪಿದೆಯಾ? ಇಡೀ ದೇಶ ಉಸಿರು ಬಿಗಿ ಹಿಡಿದು ಕಾಯ್ದ ಆ 12 ಹುಡುಗರಲ್ಲಿ 3 ಮಂದಿಗೆ, ಜೊತೆಗೆ ಅವರ ಕೋಚ್‌ಗೆ, ಯಾವ ದೇಶದ ಪೌರತ್ವವೂ ಇರಲಿಲ್ಲ. ಹೊರಗೆ ಬಂದ ಮೇಲೆ ಸಿಕ್ಕಿತು. 2024ರ ಅಕ್ಟೋಬರಿನಲ್ಲಿ ಸಚಿವ ಸಂಪುಟ ಇಂಥ ಸುಮಾರು 4.8 ಲಕ್ಷ ಜನರ ಅರ್ಜಿಗಳನ್ನು ಬೇಗ ಮುಗಿಸುವ ತೀರ್ಮಾನ ಮಾಡಿದೆ. ಅದು ಆದಷ್ಟು ಬೇಗ ಕೈಗೂಡಲಿ ಎಂದು ಮನಸಾರೆ ಬಯಸುತ್ತೇನೆ.

ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ: ಥೈಲ್ಯಾಂಡ್ ಥಾಯ್ ಜನರ ಸ್ವಂತ ನಾಡು, ಅನುಮಾನವೇ ಬೇಡ. ಅದೇ ನೆಲ ಮೋನರದ್ದೂ ಹೌದು, ಖ್ಮೇರರದ್ದೂ ಹೌದು, ಲಾವೋ, ಮಲಯ, ಕರೆನ್ ಜನರದ್ದೂ ಹೌದು.

ಪ್ರವಾಸದ ಯೋಚನೆ ಇದ್ದರೆ ಬ್ಯಾಂಕಾಕ್, ಪಟ್ಟಾಯ ಮಾತ್ರ ನೋಡಿ ವಾಪಸ್ ಬರಬೇಡಿ. ಬ್ಯಾಂಕಾಕಿನಿಂದ ರೈಲು ಹತ್ತಿ ಕೋರಾಟ್‌ಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಫಿಮಾಯ್. ಖ್ಮೇರರು ಕಟ್ಟಿಸಿದ ಆ ದೇವಾಲಯದ ಬಾಗಿಲು ಅಂಕೋರಿನ ದಿಕ್ಕಿಗೆ, ಆಗ್ನೇಯಕ್ಕೆ ತೆರೆದುಕೊಂಡಿದೆ. ರಾಮಾಯಣದ ಕೆತ್ತನೆಗಳೂ ಇವೆ, ಒಳಗೆ ಬುದ್ಧನೂ ಇದ್ದಾನೆ. ಏಪ್ರಿಲ್ 13ರಿಂದ 15ರವರೆಗಿನ ಸೋಂಗ್‌ಕ್ರಾನ್ ಹಬ್ಬಕ್ಕೆ, ಅಂದರೆ ನಮ್ಮ ತುಳುನಾಡಿನ ಬಿಸುವಿನ ಹೊತ್ತಿಗೆ, ಹೋಗುವುದಾದರೆ ರೈಲು ಟಿಕೆಟ್ ತುಂಬಾ ಮೊದಲೇ ಮಾಡಿಸಿ. ಆ ವಾರ ಬ್ಯಾಂಕಾಕಿನ ಇಸಾನ್ ಜನರೆಲ್ಲ ಊರಿಗೆ ಹೊರಟಿರುತ್ತಾರೆ.